ನೀರಿಳಿಸಿಕೊಂಡ ಅಳಿಯ

ನೀರಿನಿಂದ ಹರಡುವ ಕಾಯಿಲೆಗಳ ಪಟ್ಟಿಯಲ್ಲಿ ಕಾಲರಾ ಇದೆ, ಟೈಫಾಯ್ಡ್ ಇದೆ, ಕಾಮಾಲೆ ಇದೆ, ಆಮಶಂಕೆ ಇದೆ. ಲೋಕೋದ್ಧಾರದ ಕಾಯಿಲೆಯನ್ನು ಮಾತ್ರ ಯಾರೂ ಸೇರಿಸಿಲ್ಲ. ನನಗೆ ಅದು ತಗಲಿದ್ದು ನೀರಿನಿಂದಲೇ, ಅದೂ ಶುದ್ಧೀಕರಿಸಿದ ನೀರಿನಿಂದ.

ನಮ್ಮ ಅಡುಗೆಮನೆಯ ಗೋಡೆಯ ಮೇಲಿದ್ದ ಆರ್‌ಒ ಯಂತ್ರ ಒಂದು ಲೋಟ ಕುಡಿಯುವ ನೀರು ಕೊಡುವಷ್ಟರಲ್ಲಿ ಎರಡು ಮೂರು ಲೋಟ ನೀರನ್ನು ಪಕ್ಕದ ಕೊಳವೆಯಿಂದ ಸಿಂಕಿಗೆ ಬಿಡುತ್ತಿತ್ತು. ಸಾಲದ್ದಕ್ಕೆ ಆಗಾಗ ಒಬ್ಬ ಹುಡುಗ ಬಂದು, ಯಂತ್ರದ ಹೊಟ್ಟೆ ಬಿಚ್ಚಿ, "ಮೆಂಬ್ರೇನ್ ಹೋಗ್ಬಿಟ್ಟಿದೆ ಸರ್" ಎಂದು ತಲೆ ಅಲ್ಲಾಡಿಸುತ್ತಿದ್ದ. ಅವನ ತಲೆ ಒಮ್ಮೆ ಅಲ್ಲಾಡಿದರೆ ನನ್ನ ಪಿಂಚಣಿ ಬುಡಸಮೇತ ಅಲ್ಲಾಡುತ್ತಿತ್ತು. ಬ್ಯಾಂಕಿನಲ್ಲಿ ಜೀವಮಾನವೆಲ್ಲ ಬೇರೆಯವರ ಖರ್ಚಿಗೆ ಸಹಿ ಹಾಕಿದವನು ನಾನು. ನಿವೃತ್ತನಾದ ಮೇಲೆಯೇ ನನ್ನ ಖರ್ಚು ನನ್ನ ಕಣ್ಣಿಗೆ ಬಿದ್ದದ್ದು. ಆಫ್ರಿಕಾ, ಏಷ್ಯಾಗಳ ಬಡ ಊರುಗಳಲ್ಲಿ ಜನ ಹೆಚ್ಚುಕಮ್ಮಿ ಪುಕ್ಕಟೆಯಾಗಿ ನೀರು ಶುದ್ಧ ಮಾಡಿಕೊಳ್ಳುತ್ತಾರಂತೆ, ಮಲ್ಲೇಶ್ವರದಲ್ಲಿ ಯಾಕಾಗಬಾರದು ಎಂದು ಓದಲು ಕೂತೆ. ಓದಲು ಕೂತವನು ಪಿಂಚಣಿದಾರ, ಎದ್ದವನು ಸುಧಾರಕ.

ಮೊದಲು ಕೈಹಾಕಿದ್ದು ಸೂರ್ಯನಿಗೆ. ಬೇರೂತಿನ ಅಮೆರಿಕನ್ ವಿಶ್ವವಿದ್ಯಾಲಯದ ಅಫ್ತೀಮ್ ಅಕ್ರಾ ಎಂಬ ಪ್ರಾಧ್ಯಾಪಕರು ಬಿಸಿಲಿಗೆ ಇಟ್ಟ ನೀರಿನಲ್ಲಿ ರೋಗಾಣುಗಳು ಸಾಯುತ್ತವೆ ಎಂದು 1980ರಲ್ಲಿ ಪ್ರಕಟಿಸಿದರು. 1991ರಿಂದ ಸ್ವಿಟ್ಜರ್‌ಲೆಂಡಿನ ನೀರಿನ ಸಂಶೋಧನಾ ಸಂಸ್ಥೆಯೊಂದು ಅದನ್ನೇ ಮುಂದುವರಿಸಿ, ಪಾರದರ್ಶಕ ಪ್ಲಾಸ್ಟಿಕ್ ಬಾಟಲಿಯಲ್ಲಿ ನೀರು ತುಂಬಿ ತಗಡಿನ ಚಾವಣಿಯ ಮೇಲೆ ಮಲಗಿಸುವ ವಿಧಾನವನ್ನು ಬಡದೇಶಗಳಿಗೆಲ್ಲ ಹಂಚಿತು. ಬಾಟಲಿ ಎರಡು ಲೀಟರಿಗಿಂತ ದೊಡ್ಡದಿರಬಾರದು. ಒಳ್ಳೆಯ ಬಿಸಿಲಿದ್ದರೆ ಆರು ಗಂಟೆ, ಅರ್ಧಕ್ಕಿಂತ ಹೆಚ್ಚು ಮೋಡವಿದ್ದರೆ ಎರಡು ದಿನ. ನೀರು ಕದಡಿರಬಾರದು. ಅದಕ್ಕೊಂದು ಪರೀಕ್ಷೆಯೂ ಉಂಟು: ತುಂಬಿದ ಬಾಟಲಿಯನ್ನು ಪತ್ರಿಕೆಯ ತಲೆಬರಹದ ಮೇಲೆ ನಿಲ್ಲಿಸಿ, ಮೇಲಿನಿಂದ ಇಣುಕಿದಾಗ ಅಕ್ಷರ ಓದಲು ಬಂದರೆ ಪಾಸು. ನಾನು ಬೆಳಿಗ್ಗೆಯ ಪೇಪರನ್ನು ಇಡಿಯಾಗಿ ಬಾಟಲಿಯ ಮೂಲಕವೇ ಓದಿ ಮುಗಿಸುತ್ತಿದ್ದೆ. ಪರೀಕ್ಷೆ ನಡೆಯುವಷ್ಟು ಹೊತ್ತೂ ಯಾರೂ ತರಕಾರಿ ತರಲು ಕಳಿಸುವಂತಿಲ್ಲ ಎಂಬುದು ಈ ವಿಧಾನದ ಬಗ್ಗೆ ಎಲ್ಲೂ ಬರೆಯದ ಪ್ರಯೋಜನ.

ನಮ್ಮ ಮನೆಗೆ ತಗಡಿನ ಚಾವಣಿ ಇಲ್ಲ. ಬಿಸಿಲು ಚೆನ್ನಾಗಿ ಬೀಳುವುದು ಕಾಂಪೌಂಡ್ ಗೋಡೆಯ ಮೇಲೆ. ಸಾಲಾಗಿ ಬಾಟಲಿ ಜೋಡಿಸಿದೆ. ಸಂಜೆ ಎದುರುಮನೆಯ ಅಜ್ಜಿ ಗೇಟಿನ ಹತ್ತಿರ ನಿಂತು, "ನಿಮ್ಮನೆಗೂ ನಾಯಿಗಳ ಕಾಟ ಶುರುವಾಯ್ತಾ?" ಎಂದು ಕೇಳಿದರು. ಬೀದಿನಾಯಿಗಳು ಬಾಗಿಲಲ್ಲಿ ಕಾಲೆತ್ತದಿರಲಿ ಎಂದು ಮನೆ ಮುಂದೆ ಬಣ್ಣದ ನೀರಿನ ಬಾಟಲಿ ಇಡುವ ಶಾಸ್ತ್ರ ನಮ್ಮ ಬೀದಿಯಲ್ಲಿ ಸಂವಿಧಾನಕ್ಕಿಂತ ಹೆಚ್ಚು ಚಾಲ್ತಿಯಲ್ಲಿದೆ. ಅಲ್ಲ ಅಜ್ಜಿ, ಇದು ಕುಡಿಯೋ ನೀರು, ಸೂರ್ಯನ ನೇರಳಾತೀತ ಕಿರಣಗಳು ಎಂದು ಶುರುಮಾಡಿ ನಾನು ಲೆಬನಾನು ತಲುಪುವಷ್ಟರಲ್ಲಿ ಅವರ ಮನೆಯ ಕುಕ್ಕರ್ ಕೂಗಿ ಅವರು ಒಳಗೆ ಹೋದರು. ಮರುದಿನ ನೋಡಿದರೆ ಬಾಟಲಿಗಳೆಲ್ಲ ನೀಲಿ. "ಪಾಪ, ನೀಲಿ ಹಾಕೋದು ಮರ್ತಿದ್ರಿ. ಬಿಳಿ ನೀರಿಗೆ ನಾಯಿ ಹೆದರಲ್ಲ ಕಣಪ್ಪ, ಅದಕ್ಕೆ ನಾನೇ ಎರಡೆರಡು ಹನಿ ಬಿಟ್ಟೆ" ಎಂದರು ಅಜ್ಜಿ. ಅಂದಿನಿಂದ ನಮ್ಮ ಗೇಟಿನ ಬಳಿ ನಾಯಿ ಸುಳಿದಿಲ್ಲ, ಅದನ್ನು ಮಾತ್ರ ಒಪ್ಪಬೇಕು.

ಅಷ್ಟರಲ್ಲಿ ಆಷಾಢ ಹಿಡಿದುಕೊಂಡಿತು. ಮಳೆ ಬಿಡದೆ ಸುರಿದರೆ ಏನು ಮಾಡಬೇಕೆಂದು ಸ್ವಿಸ್ ಕೈಪಿಡಿಯಲ್ಲಿ ಹುಡುಕಿದೆ. ಮಳೆನೀರನ್ನೇ ಹಿಡಿದು ಕುಡಿಯಿರಿ ಎಂದಿತ್ತು.

ಸೂರ್ಯ ಕೈಕೊಟ್ಟ ಮೇಲೆ ನುಗ್ಗೆಕಾಯಿಗೆ ಬಂದೆ. ಸುಡಾನಿನ ಹೆಂಗಸರು ನೈಲ್ ನದಿಯ ಕೆಸರು ನೀರಿಗೆ ನುಗ್ಗೆಬೀಜದ ಪುಡಿ ಹಾಕಿ ತಿಳಿ ಮಾಡಿಕೊಳ್ಳುತ್ತಿದ್ದರು. ಬೀಜದಲ್ಲಿರುವ ಪ್ರೊಟೀನಿಗೆ ಧನ ವಿದ್ಯುದಂಶ, ಮಣ್ಣಿನ ಕಣಕ್ಕೆ ಋಣ. ಎರಡೂ ಅಂಟಿಕೊಂಡು ಗಡ್ಡೆಕಟ್ಟಿ ತಳಕ್ಕಿಳಿಯುತ್ತವೆ, ಜೊತೆಗೆ ಬಹಳಷ್ಟು ರೋಗಾಣುಗಳೂ ಮುಳುಗುತ್ತವೆ. ನಾನು ಮಾರುಕಟ್ಟೆಯಿಂದ ಒಂದು ಕಟ್ಟು ನುಗ್ಗೆಕಾಯಿ ತಂದು ಸೀಳುತ್ತಾ ಕೂತೆ. ನನ್ನಾಕೆ ಬಂದು, "ಗಿಡದಲ್ಲೇ ಬಲಿತು ಒಣಗಿದ ಕಾಯಿ ಬೇಕಲ್ವಾ ಅದಕ್ಕೆ? ಇದು ಹುಳಿಗೆ" ಎಂದು ಕಟ್ಟನ್ನೇ ಎತ್ತಿಕೊಂಡು ಹೋದಳು. ಒಣಗಿದ ಬೀಜ ಸಿಕ್ಕಿದ ಮೇಲೆ ಇನ್ನೊಂದು ಅಡಚಣೆ. ನಮ್ಮ ನಲ್ಲಿಯಲ್ಲಿ ಬರುವುದು ಕಾವೇರಿ: ಸುಮಾರು ನೂರು ಕಿಲೋಮೀಟರ್ ದೂರದಿಂದ, ಅರ್ಧ ಕಿಲೋಮೀಟರಿನಷ್ಟು ಎತ್ತರಕ್ಕೆ ಪಂಪು ಮಾಡಿ, ಶೋಧಿಸಿ ಕಳಿಸಿದ ನೀರು. ಅದರಲ್ಲಿ ತಿಳಿಯಾಗಿಸಲು ಏನೂ ಇರಲಿಲ್ಲ. ಆದ್ದರಿಂದ ತುಳಸಿ ಕುಂಡದಿಂದ ಎರಡು ಚಮಚ ಮಣ್ಣು ತೆಗೆದು ಬೆರೆಸಿದೆ. ಒಂದು ನಿಮಿಷ ಜೋರಾಗಿ, ಐದು ನಿಮಿಷ ಮೆಲ್ಲಗೆ ತಿರುಗಿಸಿ, ಎರಡು ಗಂಟೆ ಕಾದೆ. ನೀರು ತಿಳಿಯಾಯಿತು! "ಮೊದಲು ಹೇಗಿತ್ತೋ ಹಾಗೇ ಆಯ್ತು" ಎಂದಳು ಈಕೆ. ಅದೂ ಪೂರ್ತಿ ನಿಜವಲ್ಲ. ಬೀಜದ ಅಂಶ ನೀರಿನಲ್ಲೇ ಉಳಿಯುವುದರಿಂದ ಅದನ್ನು ಆ ದಿನವೇ ಕುಡಿದು ಮುಗಿಸಬೇಕು. ನಾನು ಮೆಚ್ಚಿಕೊಂಡು ನೋಡುತ್ತಾ ಇಟ್ಟುಕೊಂಡದ್ದರಿಂದ ಮರುದಿನ ಅಡುಗೆಮನೆಯೆಲ್ಲ ನಾರಿತು.

ಬೆಂಗಳೂರು ನನ್ನ ಕಾರ್ಯಕ್ಷೇತ್ರವಲ್ಲ, ಇಲ್ಲಿಯ ನೀರಿನಲ್ಲಿ ಸಾಕಷ್ಟು ಕೊಳೆಯಿಲ್ಲ ಎಂಬ ತೀರ್ಮಾನಕ್ಕೆ ಬಂದೆ. ಬೇಸಿಗೆಯಲ್ಲಿ ಹೆಂಡತಿಯ ತವರಿನ ಜಾತ್ರೆ ಬಂತು. ಗದಗ ಜಿಲ್ಲೆ, ಮುಂಡರಗಿ ತಾಲ್ಲೂಕು, ಎರೆಮಣ್ಣಿನ ಸೀಮೆ. ನನ್ನ ಚೀಲದಲ್ಲಿ ಅಂಗಿಗಳಿಗಿಂತ ಸಲಕರಣೆಗಳೇ ಹೆಚ್ಚಾದವು: ಕ್ಲೋರಿನ್ ಗುಳಿಗೆ, ನುಗ್ಗೆಬೀಜ, ಖಾಲಿ ಬಾಟಲಿಗಳು, ಮತ್ತು ಎಲ್ಲಕ್ಕಿಂತ ಮುಖ್ಯವಾಗಿ ಲೈಫ್‌ಸ್ಟ್ರಾ. ಅದು ಕೊಳಲಿನ ಗಾತ್ರದ ನಳಿಗೆ. ಒಳಗೆ ಟೊಳ್ಳು ಎಳೆಗಳು, ಎಳೆಗಳ ಗೋಡೆಯಲ್ಲಿ 0.2 ಮೈಕ್ರಾನಿನ ರಂಧ್ರಗಳು. ಒಂದು ತುದಿ ಹೊಂಡದಲ್ಲಿ, ಇನ್ನೊಂದು ಬಾಯಲ್ಲಿ. ಬ್ಯಾಕ್ಟೀರಿಯಾ ಆಚೆಯೇ ಉಳಿಯುತ್ತದೆ. ಕರೆಂಟು ಬೇಡ, ಮೆಂಬ್ರೇನ್ ಹುಡುಗ ಬೇಡ.

ರೈಲು ಕೊಪ್ಪಳ ದಾಟುತ್ತಿದ್ದಂತೆ ನನ್ನಾಕೆಯ ಕನ್ನಡ ಬದಲಾಯಿತು. "ಆ ಚೀಲ ತವರುಮನ್ಯಾಗ ಬಿಚ್ಚಬ್ಯಾಡ್ರಿ, ಕೈ ಮುಗೀತೇನಿ" ಎಂದಳು. ಸುಧಾರಕರ ಹೆಂಡಂದಿರು ಹೀಗೇ ಹೇಳುತ್ತಾರೆಂದು ಓದಿದ್ದೆ.

ಅತ್ತೆಯವರು ಜಗಲಿಯ ಮೇಲೆ ಕೈಕಾಲಿಗೆ ನೀರು ಕೊಟ್ಟು, ತಂಬಿಗೆಯಲ್ಲಿ ಕುಡಿಯುವ ನೀರು, ಮೇಲೊಂದು ತುಂಡು ಬೆಲ್ಲ ತಂದಿಟ್ಟರು. ನಾನು ಬೆಲ್ಲ ತಿಂದೆ. ತಂಬಿಗೆಯನ್ನು ಬೆಳಕಿಗೆ ಹಿಡಿದು ನೋಡಿದೆ, ಕೆಳಗಿಟ್ಟೆ, ಜೇಬಿನಿಂದ ಒಂದು ಗುಳಿಗೆ ತೆಗೆದು ಒಳಗೆ ಹಾಕಿದೆ. "ಅರ್ಧ ಗಂಟೆ ಕಾಯಬೇಕು" ಎಂದೆ. ಜಗಲಿಯ ಮೇಲಿದ್ದವರೆಲ್ಲ ಮಾತು ನಿಲ್ಲಿಸಿ ತಂಬಿಗೆಯನ್ನು ನೋಡುತ್ತಾ ಕೂತರು. ದಾರಿಯಲ್ಲಿ ಹೋಗುತ್ತಿದ್ದವರು ಬಂದು ಸೇರಿಕೊಂಡರು. ಬೆಂಗಳೂರಿನ ಅಳಿಯಂದಿರಿಗೆ ಏನೋ ಬೇನೆ, ನೀರಿನೊಳಗೆ ಗುಳಿಗೆ ಹಾಕಿಕೊಂಡೇ ಕುಡಿಯಬೇಕಂತೆ ಎಂಬ ಸುದ್ದಿ ಅಗಸಿ ಬಾಗಿಲು ಮುಟ್ಟಿ, ಕಿಡ್ನಿಯಾಗಿ ಬೆಳೆದು ಜಗಲಿಗೇ ವಾಪಸಾಯಿತು. ಒಬ್ಬರು ನನ್ನ ಹೆಂಡತಿಯ ಬೆನ್ನು ಸವರಿ, "ಧೈರ್ಯಾ ತಗೋ ತಂಗಿ" ಎಂದರು.

ಅತ್ತೆಯವರು ಮೂಗು ಅರಳಿಸಿದರು. "ಇದು ಕೊಡಕ್ಕ ಹಾಕೂ ಗುಳಿಗಿ ಅಲ್ಲೇನ್ರಿ ಅಳಿಯಾರ? ಮಳಿಗಾಲದಾಗ ಆಶಾ ಅಕ್ಕಾರು ತಂದ್ ಕೊಡ್ತಾರ. ಕೊಡಕ್ಕ ಒಂದ. ನೀವು ತಂಬಗಿಗೆ ಹಾಕೀರಿ!"

ಚೀಟಿ ಓದಿದೆ. 20 ಲೀಟರಿಗೆ ಒಂದು ಎಂದಿತ್ತು. ಆದರೆ ಅಷ್ಟು ಜನ ಅರ್ಧ ಗಂಟೆ ಕಾದಿದ್ದಾರೆ, ಹೇಗೆ ಕುಡಿಯದಿರುವುದು? ಒಂದು ಗುಟುಕು ಹಾಕಿಕೊಂಡೆ. ಈಜುಕೊಳವೊಂದು ತನ್ನ ಸದಸ್ಯರ ಸಮೇತ ಗಂಟಲಿಗಿಳಿದ ಅನುಭವವಾಯಿತು. ನನ್ನ ಮುಖ ನೋಡಿದವರು ಕಿಡ್ನಿಯ ಸುದ್ದಿಯನ್ನು ಖಚಿತಪಡಿಸಿಕೊಂಡು ಎದ್ದು ಹೋದರು.

ಮಧ್ಯಾಹ್ನ ಅತ್ತೆಯವರು ಕೊಡದ ಬಾಯಿಗೆ ಹಳೆಯ ಸೀರೆಯ ತುಂಡನ್ನು ಹಲವು ಪದರ ಮಡಚಿ ಹಾಕಿ ಕೆರೆಯ ನೀರು ಸೋಸುತ್ತಿದ್ದರು. ನನಗೆ ಮತ್ತೆ ಜೀವ ಬಂತು. ಅಮೆರಿಕದ ವಿಜ್ಞಾನಿ ರೀಟಾ ಕಾಲ್ವೆಲ್ ಮತ್ತು ಸಂಗಡಿಗರು ಬಾಂಗ್ಲಾದೇಶದ ಮತ್ಲಬ್ ಸೀಮೆಯ ಹಳ್ಳಿಗಳಲ್ಲಿ ಇದನ್ನೇ ಮಾಡಿಸಿ ನೋಡಿದ್ದಾರೆ, 2003ರಲ್ಲಿ ಫಲಿತಾಂಶ ಬಂದಿದೆ, ಹತ್ತಿ ಸೀರೆ ಮಡಚಿ ಸೋಸಿದ ಮನೆಗಳಲ್ಲಿ ಕಾಲರಾ ಶೇ. 48ರಷ್ಟು ಕಡಿಮೆಯಾಗಿದೆ ಎಂದು ವಿವರಿಸಿದೆ. ಕಾಲರಾದ ಬ್ಯಾಕ್ಟೀರಿಯಾ ನೀರಿನ ಸಣ್ಣ ಹುಳುಗಳಿಗೆ ಅಂಟಿಕೊಂಡಿರುತ್ತದೆ, ಹುಳು ಬಟ್ಟೆಯಲ್ಲಿ ಸಿಕ್ಕಿಬೀಳುತ್ತದೆ, ಹೊಸ ಸೀರೆಗಿಂತ ಒಗೆದು ಒಗೆದು ಹಳೆಯದಾದ ಸೀರೆಯ ನೇಯ್ಗೆ ಇನ್ನೂ ಒತ್ತಾಗಿರುತ್ತದೆ ಎಂದೂ ಸೇರಿಸಿದೆ.

"ಹೌದೇನ್ರಿ" ಎಂದರು ಅತ್ತೆ. "ಆ ಅಕ್ಕಾರಿಗೆ ಯಾರು ಹೇಳಿಕೊಟ್ರಂತ?" ಆಮೇಲೆ ಸ್ವಲ್ಪ ಯೋಚಿಸಿ, "ಸೋಸಾಕ ಹಳೇದ ಬೇಕಂದ್ರ, ಹೊಸಾ ಇಳಕಲ್ ಸೀರಿ ನನಗ ಉಟ್ಟುಕೊಳ್ಳಾಕ ಕೊಡಸ್ರಿ" ಎಂದರು. ಸೋಸಿದ ನೀರಿನಲ್ಲಿ ಪಟಕದ ಹರಳು ಹಿಡಿದು ನಾಲ್ಕು ಸುತ್ತು ತಿರುಗಿಸಿದರು. ನುಗ್ಗೆಬೀಜಕ್ಕೆ ಎರಡು ಗಂಟೆ ಹಿಡಿದ ಕೆಲಸ ನಾನು ಚೀಲದ ಜಿಪ್ ಎಳೆದು ಬೀಜ ಹುಡುಕುವುದರೊಳಗೆ ಮುಕ್ಕಾಲು ಮುಗಿದಿತ್ತು.

ಹಿತ್ತಲಿನ ಕೊಳವೆಬಾವಿಯ ನೀರನ್ನು ನೋಡಿದಾಗ ನನಗೆ ಒಂದು ಸಂಶಯ ಬಂತು. ಎಷ್ಟು ತಿಳಿ ಅಂದರೆ, ಪತ್ರಿಕೆಯ ತಲೆಬರಹವಲ್ಲ, ಕೋರ್ಟ್ ನೋಟಿಸನ್ನೇ ಅದರ ಮೂಲಕ ಓದಬಹುದು. ಇಂಥ ನೀರು ಮನೆಯಲ್ಲೇ ಇರುವಾಗ ಇವರು ಚಹಾದ ಬಣ್ಣದ ಕೆರೆಯ ನೀರನ್ನು ಹೊತ್ತು ತಂದು ಸೋಸುವುದೇಕೆ? ಹೈಸ್ಕೂಲು ಮೇಷ್ಟರಾಗಿರುವ ಭಾವಮೈದುನ ನನ್ನನ್ನು ಪಕ್ಕಕ್ಕೆ ಕರೆದ. "ಭಾವಾ, ಅದು ಅರಿವಿ ಒಗ್ಯಾಕ. ಫ್ಲೋರೈಡ್ ಐತ್ರಿ." ಲೀಟರಿಗೆ ಒಂದೂವರೆ ಮಿಲಿಗ್ರಾಂ ದಾಟಬಾರದು, ಈ ಸೀಮೆಯ ಎಷ್ಟೋ ಬೋರುಗಳಲ್ಲಿ ದಾಟುತ್ತದೆ. ಬಂಡೆಯಿಂದಲೇ ಕರಗಿ ಬರುವುದು. ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆ ಬೀಳುತ್ತದೆ, ವರ್ಷಗಟ್ಟಲೆ ಕುಡಿದವರ ಮೂಳೆ, ಕೀಲು ಸೆಟೆಯುತ್ತವೆ.

"ಅಷ್ಟೇನಾ? ಚೆನ್ನಾಗಿ ಕುದಿಸಿ ಕುಡಿಯೋದಪ್ಪ" ಎಂದೆ.

"ಕುದಿಸಿದ್ರ ನೀರು ಆವಿ ಆಗಿ ಹೋಗ್ತದ, ಫ್ಲೋರೈಡ್ ಉಳೀತದ. ಸಾರು ಬತ್ತಿಸಿದ್ರ ಉಪ್ಪು ಜಾಸ್ತಿ ಆದಂಗ."

ಗುಳಿಗೆ? ಅದು ಕೊಲ್ಲುವುದು ಜೀವವಿರುವುದನ್ನು. ಬಿಸಿಲು? ಅದೂ ಅಷ್ಟೇ. ನನ್ನ ನಳಿಗೆಯ ರಂಧ್ರ ಎಷ್ಟು ಸಣ್ಣದೆಂದು ಬೀಗಿದೆ. ಫ್ಲೋರೈಡಿನ ಅಯಾನು ಅದಕ್ಕಿಂತ ನೂರಾರು ಪಟ್ಟು ಚಿಕ್ಕದು ಎಂದು ಮೇಷ್ಟರು ಹತ್ತನೆಯ ತರಗತಿಯ ದಡ್ಡನಿಗೆ ಹೇಳುವ ತಾಳ್ಮೆಯಲ್ಲಿ ಹೇಳಿದ. ಸುಣ್ಣ, ಪಟಕ ಸೇರಿಸಿ ಫ್ಲೋರೈಡ್ ಇಳಿಸುವ ನಳಗೊಂಡ ವಿಧಾನವೊಂದಿದೆ, ನಾಗಪುರದ ನೀರಿ ಸಂಸ್ಥೆಯವರು ಕಂಡುಹಿಡಿದದ್ದು. ಆದರೆ ಬೋರಿಗೆ ತಕ್ಕಂತೆ ಅಳತೆ ಹಾಕಬೇಕು, ಕಲಕಬೇಕು, ತಳದ ಗಸಿಯನ್ನು ದಿನಾ ಎಲ್ಲಾದರೂ ಚೆಲ್ಲಬೇಕು. "ಅದನ್ನ ಮಾಡಾವ್ರು ಯಾರ್ರಿ? ನಮ್ಮ ಅವ್ವನ" ಎಂದ. ಐದು ರೂಪಾಯಿ ನಾಣ್ಯ ಹಾಕಿದರೆ ಕೊಡ ತುಂಬುವ ಶುದ್ಧ ನೀರಿನ ಘಟಕವೂ ಊರಲ್ಲಿದೆ, ಆರ್‌ಒ ಆದ್ದರಿಂದ ಫ್ಲೋರೈಡ್ ಹಿಡಿಯುತ್ತದೆ. ಹೋಗಿ ನೋಡಿದೆವು. ಬಾಗಿಲಿಗೆ ಬೀಗ, ಮುಂದೆ ಖಾಲಿ ಕೊಡಗಳ ಸಾಲು. "ಮೆಂಬ್ರೇನ್ ಹೋಗೇತಂತ್ರಿ" ಎಂದ ಅಲ್ಲಿದ್ದ ಹುಡುಗ. ಆ ಪದ ಕೇಳಿ ಅಷ್ಟು ದೂರದಲ್ಲೂ ನನ್ನ ಪಿಂಚಣಿ ಮಿಸುಕಿತು.

ಇನ್ನು ಉಳಿದದ್ದು ಕೆರೆ. ಫ್ಲೋರೈಡ್ ಎದುರು ಸೋತರೇನು, ಕೆರೆಯಲ್ಲಿ ಬ್ಯಾಕ್ಟೀರಿಯಾ ಇದ್ದೇ ಇರುತ್ತದಲ್ಲ! ಮರುದಿನ ಬೆಳಿಗ್ಗೆ ಜಾತ್ರೆಯ ಜನ ಕೆರೆ ಏರಿಯ ಮೇಲೆ ಓಡಾಡುವ ಹೊತ್ತು ನೋಡಿ ಕೊರಳಿಗೆ ನಳಿಗೆ ಹಾಕಿಕೊಂಡು ಹೊರಟೆ. ಬೇಸಿಗೆಯಾದ್ದರಿಂದ ನೀರು ಕೆಳಗಿಳಿದಿತ್ತು. ಹೆಂಗಸರು ಚಪ್ಪಲಿಯನ್ನು ಏರಿಯ ಮೇಲೇ ಬಿಟ್ಟು, ಕೊನೆಯ ಒಣ ಮೆಟ್ಟಿಲ ಮೇಲೆ ನಿಂತು, ಬಾಗಿ ಕೊಡ ಅದ್ದುತ್ತಿದ್ದರು. ನನಗೆ ಅಷ್ಟು ಬಾಗಲು ಸೊಂಟ ಒಪ್ಪಲಿಲ್ಲ. ಬೂಟು ಹಾಕಿಕೊಂಡೇ ಪಾದ ಮುಳುಗುವಷ್ಟು ನೀರಿಗಿಳಿದು ಕುಕ್ಕರಗಾಲಲ್ಲಿ ಕೂತೆ.

ಮೇಲೆ ಯಾರೋ ಕೂಗಿದರು. ಹುರಿದುಂಬಿಸುತ್ತಿದ್ದಾರೆಂದು ಕೈಬೀಸಿದೆ.

ನಳಿಗೆಯನ್ನು ಮೊದಲು ಸ್ವಲ್ಪ ಹೊತ್ತು ನೀರಿನಲ್ಲಿ ನಿಲ್ಲಿಸಿ ನೆನೆಸಬೇಕು. ಆಮೇಲೆ ಜೋರಾಗಿ ಹೀರಬೇಕು. ಹೀರಿದೆ. ಕೆನ್ನೆಗಳು ಒಳಗೆ ಹೋಗಿ ಒಂದನ್ನೊಂದು ಮುಟ್ಟಿದವು, ಕಣ್ಣು ಹೊರಗೆ ಬಂದವು, ನೀರು ಮಾತ್ರ ಬರಲಿಲ್ಲ. ಮತ್ತೆ ಹೀರಿದೆ. ಏರಿಯ ಮೇಲೆ ಗದ್ದಲ ಹೆಚ್ಚಾಯಿತು. ಕೊನೆಗೆ ಬಾಯಿ ತುಂಬ ನೀರು ಬಂತು, ತಣ್ಣಗೆ, ಸಿಹಿಯಾಗಿ. ನುಂಗಿ, ಜನರ ಕಡೆ ತಿರುಗಿ, ಹೆಬ್ಬೆಟ್ಟು ತೋರಿಸಿದೆ. ಕುಡಿದಾದ ಮೇಲೆ ಒಳಗಿನ ಕೊಳೆ ಹೋಗಲು ನಳಿಗೆಗೆ ಬಾಯಿಂದ ತಿರುಗಿ ಊದಬೇಕೆಂಬುದು ಕೈಪಿಡಿಯ ಸೂಚನೆ. ಎಲ್ಲಿಗೆ ಊದಬೇಕು ಎಂದು ಅದರಲ್ಲಿ ಬರೆದಿರಲಿಲ್ಲ. ಕೆರೆಗೇ ಊದಿದೆ, ಗುಳುಗುಳು ಎಂದು ಇಡೀ ಊರಿಗೆ ಕೇಳುವಂತೆ.

ಗದ್ದಲ ಒಮ್ಮೆಲೇ ನಿಂತಿತು. ಊರಿನ ಕುಡಿಯುವ ನೀರಿನ ಕೆರೆಗೆ ಊರಿನ ಅಳಿಯ ಬೂಟುಗಾಲಿಟ್ಟದ್ದಲ್ಲದೆ ಎಂಜಲನ್ನೂ ಬಿಟ್ಟಿದ್ದ. ಎಮ್ಮೆ ಇಳಿಸುವಂತಿಲ್ಲ, ಬಟ್ಟೆ ಒಗೆಯುವಂತಿಲ್ಲ, ಕಾಲಿಡುವಂತಿಲ್ಲ ಎಂದು ಏರಿಯ ಮೇಲೆ ದಪ್ಪ ಅಕ್ಷರದಲ್ಲಿ ಬರೆದ ಬೋರ್ಡಿತ್ತಂತೆ. ಅದಕ್ಕೆ ಒರಗಿ ನಿಂತೇ ನಾನು ಬೂಟಿನ ದಾರ ಕಟ್ಟಿಕೊಂಡಿದ್ದೆ.

ಪಂಚರ ಮುಂದೆ ನಿಲ್ಲಿಸಿದರು. ಮಂದಿಯ ನಡುವೆ ಕೂತಿದ್ದ ಒಬ್ಬ ಹಿರಿಯರು ನಳಿಗೆಯನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದರು. ಸಿಕ್ಕಿದ್ದೇ ಅವಕಾಶವೆಂದು ಅದರ ವಂಶಾವಳಿ ಹೇಳಿದೆ: ನಾರುಹುಣ್ಣಿನ ಹುಳು ಇರುವ ನೀರು ಕುಡಿಯಬೇಕಾದ ಜನ ಕೊರಳಿಗೆ ಕಟ್ಟಿಕೊಂಡು ಓಡಾಡಲೆಂದು ಸುಡಾನಿನಲ್ಲಿ ಲಕ್ಷಗಟ್ಟಲೆ ಹಂಚಿದ ಸೋಸುವ ಕೊಳವೆಯೇ ಇದರ ಮೂಲ, 2005ರಲ್ಲಿ ಲೈಫ್‌ಸ್ಟ್ರಾ ಆಗಿ ಬಂತು. ಹಿರಿಯರು ಏನೂ ಹೇಳದೆ ಧೋತರ ಮೇಲಕ್ಕೆತ್ತಿ ಮೊಣಕಾಲ ಕೆಳಗಿನ ಗಾಯದ ಕಲೆ ತೋರಿಸಿದರು. "ಇಲ್ಲೇ ಬಂದಿತ್ತು ನಾರುಹುಣ್ಣು. ಮಾರುದ್ದ ಹುಳ. ಕಡ್ಡಿಗೆ ಸುತ್ತಿ ದಿನಾ ಒಂದೀಟ ಎಳೀಬೇಕು. ಜಗ್ಗಿದ್ರ ಹರೀತದ, ಹರದ್ರ ಕಾಲು ಹ್ವಾದಂಗ. ಅದು ಹ್ಯಾಂಗ ಹಬ್ಬತದ ಗೊತ್ತೇನ್ರಿ?"

ಗೊತ್ತಿತ್ತು. ಓದಿದ್ದೆ. ಹುಣ್ಣಿರುವ ಕಾಲನ್ನು ನೀರಿಗಿಟ್ಟರೆ ಹುಳು ಮರಿಗಳನ್ನು ನೀರಿಗೆ ಬಿಡುತ್ತದೆ. ಆ ನೀರು ಕುಡಿದವರ ಮೈಯಲ್ಲಿ ಸುಮಾರು ಒಂದು ವರ್ಷಕ್ಕೆ ಹುಣ್ಣಾಗಿ ಹೊರಬರುತ್ತದೆ. ಬಟ್ಟೆಯಲ್ಲಿ ಸೋಸಿ, ನೀರಿಗೆ ಕಾಲಿಡುವುದನ್ನು ತಡೆದು ತಡೆದೇ ನಮ್ಮ ದೇಶದಿಂದ ಅದನ್ನು ಓಡಿಸಿದ್ದು. ಕೊನೆಯ ರೋಗಿ ಕಂಡದ್ದು 1996ರಲ್ಲಿ, ಇನ್ನಿಲ್ಲ ಎಂಬ ಪ್ರಮಾಣಪತ್ರ ಬಂದದ್ದು 2000ದಲ್ಲಿ. ಇಷ್ಟನ್ನೂ ಇಸವಿ ಸಮೇತ ಒಪ್ಪಿಸಬಲ್ಲವನಾಗಿದ್ದೆ. ಒದ್ದೆ ಬೂಟಿನೊಳಗೆ ಕಾಲು ಪಚಪಚ ಎನ್ನುತ್ತಿದ್ದುದರಿಂದ ಸುಮ್ಮನಿದ್ದೆ.

"ಇಷ್ಟು ಓದೀರಿ, ಬೋರ್ಡ್ ಒಂದ ಓದಲಿಲ್ಲ" ಎಂದರು ಹಿರಿಯರು. ಕಾಲಿಟ್ಟದ್ದಕ್ಕೆ ದಂಡ 501 ರೂಪಾಯಿ, ಹೂಳೆತ್ತುವ ನಿಧಿಗೆ. ಎಂಜಲಿಗೆ ದಂಡದ ಪಟ್ಟಿಯಲ್ಲಿ ಕಲಮೇ ಇರಲಿಲ್ಲ, ಯಾಕೆಂದರೆ ಅಂಥ ಕೆಲಸವನ್ನು ಯಾರಾದರೂ ಮಾಡಿಯಾರು ಎಂದು ಊರು ಹುಟ್ಟಿದಾಗಿನಿಂದ ಯಾರಿಗೂ ಹೊಳೆದಿರಲಿಲ್ಲ. ಅದಕ್ಕೆ ಹತ್ತು ಬುಟ್ಟಿ ಹೂಳು ಹೊರಲು ಹೇಳಿದರು. ಮೂರನೆಯ ಬುಟ್ಟಿಗೆ ನನ್ನ ಸೊಂಟ ಹಿಡಿದುಕೊಂಡಿತು. ಉಳಿದವನ್ನು ಭಾವಮೈದುನನ ವಿದ್ಯಾರ್ಥಿಗಳು ನಗುನಗುತ್ತಾ ಹೊತ್ತರು. ಅವನ ಸಣ್ಣ ಮಗ ಅಷ್ಟರಲ್ಲಿ ನನ್ನ ನಳಿಗೆಯಿಂದ ಮಜ್ಜಿಗೆ ಕುಡಿಯಲು ನೋಡಿ, 0.2 ಮೈಕ್ರಾನಿನ ಅಷ್ಟೂ ರಂಧ್ರಗಳನ್ನು ಶಾಶ್ವತವಾಗಿ ಮುಚ್ಚಿದ್ದ.

ಅತ್ತೆಯವರು ಮಾತ್ರ ಸಂಜೆಯವರೆಗೂ ಹೊರಗೆ ಬರಲಿಲ್ಲ. ಅಳಿಯ ದಂಡ ಕಟ್ಟಿದನೆಂದರೆ ಮನೆತನದ ಮರ್ಯಾದೆ ಏನಾಗಬೇಕು? ಒಳಗಿಂದೊಳಗೇ ಯಾರನ್ನು ಹಿಡಿದರೋ ಗೊತ್ತಿಲ್ಲ. ರಾತ್ರಿ ತೇರಿನ ಬಯಲಲ್ಲಿ, ಡೊಳ್ಳಿನ ಸದ್ದು ನಿಂತ ಒಂದು ಗಳಿಗೆಯಲ್ಲಿ, ಮೈಕು ಗೊರಗೊರ ಅಂದು ಘೋಷಿಸಿತು: "ನಮ್ಮೂರ ಅಳಿಯಂದಿರು, ಬೆಂಗಳೂರಿನ ದಾನಿಗಳು, ಕೆರಿ ಹೂಳೆತ್ತಾಕ ಐನೂರಾ ಒಂದು ರೂಪಾಯಿ ದೇಣಿಗೆ ಕೊಟ್ಟಾರ! ತಾವ ಸ್ವತಃ ಕೆರಿಗೆ ಇಳಿದು ಸೇವಾ ಮಾಡ್ಯಾರ!" ಜನ ಚಪ್ಪಾಳೆ ತಟ್ಟಿದರು. ನನಗೊಂದು ಶಾಲು ಹೊದೆಸಿದರು. ಸೊಂಟದ ನೋವಿಗೆ ಬಾಗಲಾಗದೆ ನೆಟ್ಟಗೆ ನಿಂತಿದ್ದೆ. ಅದು ಗಾಂಭೀರ್ಯವೆಂದು ತಿಳಿದು ಇನ್ನೊಮ್ಮೆ ತಟ್ಟಿದರು.

ಬೆಳಗಾಗುವುದರೊಳಗೆ ಪಕ್ಕದೂರಿನ ನಾಲ್ಕು ಜನ ರಸೀದಿ ಪುಸ್ತಕ ಹಿಡಿದು ಜಗಲಿಯ ಮೇಲೆ ಕೂತಿದ್ದರು. ಅತ್ತೆಯವರು ಚಹಾ ಕೊಟ್ಟರು. ಕಪ್ಪು ಕೆಳಗಿಟ್ಟು, ಅವರಲ್ಲಿ ಹಿರಿಯನಾದವನು ನನ್ನ ಬೂಟುಗಳನ್ನೇ ನೋಡುತ್ತಾ, ಬಹಳ ಮರ್ಯಾದೆಯಿಂದ ಕೇಳಿದ:

"ನಮ್ಮೂರಾಗೂ ಒಂದು ಕೆರಿ ಐತ್ರಿ ಸಾಹೇಬ್ರ. ತಾವು ಯಾವಾಗ ಕಾಲಿಡ್ತೀರಿ?"